ಹಳ್ಳದ ಮೇಲಿನ ನೆರಳು ಕಡಿಯಬೇಡಿ: ಮಲೆನಾಡಿನ ಗ್ರಾಮ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಪಿಡಿಒ ಅವರೇ,

ನಮಸ್ಕಾರ.

ಈ ಪತ್ರವನ್ನು ಮುಖ್ಯಮಂತ್ರಿಗಳಿಗೋ ಅರಣ್ಯ ಸಚಿವರಿಗೋ ಬರೆಯಬಹುದಿತ್ತು. ಬೇಕಂತಲೇ ನಿಮಗೆ ಬರೆಯುತ್ತಿದ್ದೇನೆ. ಊರಿನ ಹಳ್ಳಕ್ಕೆ ಜೆಸಿಬಿ ಇಳಿಯಬೇಕೋ ಬೇಡವೋ ಎಂಬುದು ತೀರ್ಮಾನ ಆಗುವುದು ನಿಮ್ಮ ಸಭೆಯಲ್ಲಿ. ನಾನು ಹದಿನೈದು ವರ್ಷದಿಂದ ಹಿಂದೆ ಬಿದ್ದಿರುವ ಕಪ್ಪೆಗಳು ಬದುಕುತ್ತಿರುವುದು ಅದೇ ಹಳ್ಳದಲ್ಲಿ.

ನಾನು ಜೀವಶಾಸ್ತ್ರಜ್ಞೆ. ಬಿಸಿಲು ಏರಿದಂತೆ, ಮಳೆಯ ಲೆಕ್ಕ ತಪ್ಪಿದಂತೆ ಕಾಡಿನ ಜೀವಿಗಳಿಗೆ ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಆರಿಸಿಕೊಂಡದ್ದು ಕಪ್ಪೆಗಳನ್ನು. ನಾನು ಹುಟ್ಟಿದ್ದು ಸಿದ್ದಾಪುರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ. ಮಳೆಗಾಲದಲ್ಲಿ ಕಂಬಳಿ ಎಳೆದುಕೊಂಡು ಮಲಗಿದರೆ ಗದ್ದೆ ಕಡೆಯಿಂದ ರಾತ್ರಿಯಿಡೀ ವಟವಟ ಸದ್ದು. ಆ ಸದ್ದಿಗೆ ನಿದ್ದೆ ಕೆಡುತ್ತಿರಲಿಲ್ಲ. ಅದು ಇದ್ದಕ್ಕಿದ್ದಂತೆ ನಿಂತರೆ ಎಚ್ಚರ ಆಗುತ್ತಿತ್ತು. ನಿಮ್ಮಲ್ಲೂ ಬಹಳ ಜನ ಹಾಗೇ ಬೆಳೆದವರು, ಅಲ್ವಾ?

ನಮ್ಮ ಅಪ್ಪ ಮಳೆ ಡೈರಿ ಬರೆಯುತ್ತಾರೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈ ರೂಢಿ ಇದೆ. ಅಂಗಳದ ಮೂಲೆಯಲ್ಲಿ ಮಳೆಮಾಪಕ, ಬೆಳಿಗ್ಗೆ ಎದ್ದ ಕೂಡಲೇ ಅಳತೆ, ಆಮೇಲೆ ಚಹಾ. ಹಳೆಯ ಡೈರಿಗಳಲ್ಲಿ ಅಂಕಿ ಒಂದರ ಹಿಂದೆ ಒಂದು ಸಾಲಾಗಿ ಬರುತ್ತಿತ್ತು. ಮೃಗಶಿರ ಹಿಡಿಯಿತು, ಆರಿದ್ರೆ ಜೋರಾಯಿತು, ಪುನರ್ವಸು ಬಿಡಲಿಲ್ಲ. ಈಗಿನ ಡೈರಿಯ ಪುಟ ಬೇರೆ ಥರ ಕಾಣುತ್ತದೆ. ಹತ್ತು ದಿನ ಸೊನ್ನೆ. ಆಮೇಲೆ ಎರಡೇ ದಿನದಲ್ಲಿ ಹಿಂದೆ ಒಂದು ವಾರಕ್ಕೆ ಬೀಳುತ್ತಿದ್ದಷ್ಟು ಮಳೆ. ಮತ್ತೆ ಸೊನ್ನೆ. ವರ್ಷದ ಕೊನೆಗೆ ಕೂಡಿ ನೋಡಿದರೆ ಮೊತ್ತ ಅಷ್ಟೇನೂ ಕಡಿಮೆ ಇರುವುದಿಲ್ಲ. ‘ಮಳೆ ಬಂದಿದೆಯಲ್ಲ, ಇನ್ನೇನು’ ಅಂತ ಹೇಳಿಬಿಡಬಹುದು. ಕಪ್ಪೆಗೆ ಮಾತ್ರ ಆ ಮೊತ್ತದಿಂದ ಏನೂ ಪ್ರಯೋಜನ ಇಲ್ಲ. ಅದಕ್ಕೆ ಬೇಕಾದದ್ದು ಬಿಡದೆ ಸುರಿಯುವ ಹದವಾದ ಮಳೆ.

ಯಾಕೆ ಅಂದರೆ, ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಆ ಚರ್ಮ ಸದಾ ಒದ್ದೆಯಾಗಿರಬೇಕು. ಅದರ ಮೊಟ್ಟೆಗೆ ಕೋಳಿ ಮೊಟ್ಟೆಯ ಹಾಗೆ ಗಟ್ಟಿ ಚಿಪ್ಪು ಇಲ್ಲ. ಲೋಳೆಯಂಥ ಒಂದು ಪದರ ಇದೆ, ಅಷ್ಟೇ. ಗಾಳಿ ಸ್ವಲ್ಪ ಒಣಗಿದರೂ ಮೊಟ್ಟೆಗೆ ಪೆಟ್ಟು. ಮೈಯ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಸುತ್ತಲಿನ ನೀರು, ಮಣ್ಣು ಎಷ್ಟು ಬಿಸಿಯೋ ಕಪ್ಪೆಯೂ ಅಷ್ಟೇ ಬಿಸಿ. ಹುಲಿ ಹತ್ತು ಮೈಲಿ ನಡೆದು ನೀರು ಹುಡುಕೀತು. ಹೆಬ್ಬೆರಳಿನಷ್ಟು ಉದ್ದದ ಕಪ್ಪೆ ಹಳ್ಳದ ಈ ತಿರುವು ಬಿಟ್ಟು ಎಲ್ಲಿಗೆ ಹೋದೀತು?

2023ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಜಗತ್ತಿನ 8,011 ಜಾತಿಯ ಉಭಯಜೀವಿಗಳ ಸ್ಥಿತಿಯನ್ನು ಅದರಲ್ಲಿ ನೋಡಿದ್ದರು. ಐದರಲ್ಲಿ ಎರಡು ಜಾತಿ ಅಳಿವಿನ ಅಪಾಯದಲ್ಲಿವೆ. 2004ರ ನಂತರ ಸ್ಥಿತಿ ಹದಗೆಟ್ಟ ಜಾತಿಗಳಲ್ಲಿ ಶೇಕಡ 39ರಷ್ಟಕ್ಕೆ ಮುಖ್ಯ ಕಾರಣ ಹವಾಮಾನ ಬದಲಾವಣೆ. ಪಶ್ಚಿಮ ಘಟ್ಟದಲ್ಲಿ 200ಕ್ಕೂ ಹೆಚ್ಚು ಜಾತಿ ಉಭಯಜೀವಿಗಳಿವೆ. ಅವುಗಳಲ್ಲಿ ಹೆಚ್ಚಿನವು ಈ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿ ಹೋದರೆ ಹೋಯಿತು.

ಒಂದು ವರ್ಷದ ಕತೆ ಹೇಳುತ್ತೇನೆ.

ನಮ್ಮ ತೋಟದ ತಲೆಯಲ್ಲಿ ಒಂದು ಹಳೆಯ ಕೆರೆ ಇದೆ. ಅದರ ಮೇಲೆ ಬಾಗಿದ ಗಿಡಗಳ ಎಲೆಗಳಲ್ಲಿ ಪ್ರತಿ ಮಳೆಗಾಲ ಹಾರುವ ಕಪ್ಪೆಗಳು ನೊರೆಗೂಡು ಕಟ್ಟುತ್ತವೆ. ನೀವೂ ನೋಡಿರುತ್ತೀರಿ. ಹಸಿರು ಮೈ, ಬೆರಳ ನಡುವೆ ಕೆಂಪು ಜಾಲ, ಮರದಿಂದ ಮರಕ್ಕೆ ತೇಲಿಕೊಂಡು ಬರುವ ಕಪ್ಪೆ. ಹೆಣ್ಣು ಹಿಂಗಾಲಿನಿಂದ ಲೋಳೆಯನ್ನು ಕಡೆದು ಕಡೆದು ಮಜ್ಜಿಗೆ ನೊರೆಯಂತೆ ಎಬ್ಬಿಸುತ್ತದೆ. ಅದರೊಳಗೆ ಮೊಟ್ಟೆ. ನೊರೆಯ ಹೊರಮೈ ಸ್ವಲ್ಪ ಗಟ್ಟಿಯಾಗುತ್ತದೆ, ಒಳಗೆ ಒದ್ದೆ ಉಳಿಯುತ್ತದೆ. ಕೆಲವು ದಿನ ಕಳೆದು ಮಳೆಗೆ ನೊರೆ ಕರಗಿದಾಗ ಮರಿಗಳು ಕೆಳಗಿನ ನೀರಿಗೆ ಟಪಟಪ ಬೀಳುತ್ತವೆ. ಇಡೀ ಏರ್ಪಾಟು ನಿಂತಿರುವುದು ಒಂದು ನಂಬಿಕೆಯ ಮೇಲೆ. ಗೂಡು ಕಟ್ಟಿದ ಮೇಲೆ ಮಳೆ ಬರುತ್ತದೆ, ಕೆಳಗೆ ನೀರು ಇರುತ್ತದೆ.

2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ವಾಡಿಕೆಗಿಂತ ಒಂದು ವಾರ ತಡ. ಅದೇ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು ಗುಜರಾತಿನ ಕಡೆ ಹೋಯಿತು. ನಮ್ಮಲ್ಲಿ ಎರಡು ದಿನ ಹನಿ ಬಿತ್ತು. ಕಪ್ಪೆಗಳು ಮಳೆಗಾಲ ಶುರುವಾಯಿತು ಅಂದುಕೊಂಡವು. ಗೂಡು ಕಟ್ಟಿದವು. ಆಮೇಲೆ ಬಿಸಿಲು. ಒಂದು ಬೆಳಿಗ್ಗೆ ನಾನು ಕೆರೆಯ ದಂಡೆಗೆ ಹೋದಾಗ ಕೈಗೆ ಸಿಗುವ ಎತ್ತರದಲ್ಲಿ ಒಂದು ಗೂಡು ಇತ್ತು. ಮುಟ್ಟಿ ನೋಡಿದೆ. ಹಳೆಯ ಹಪ್ಪಳದ ಹಾಗೆ ಬರಬರ ಅಂತಿತ್ತು. ಬಿಡಿಸಿದರೆ ಒಳಗೆ ಹಳದಿ ಚುಕ್ಕೆಗಳು, ಎಲೆಗೆ ಅಂಟಿಕೊಂಡು ಒಣಗಿದ್ದವು. ಅದರ ಕೆಳಗೆ ಕೆರೆ ಇನ್ನೂ ತುಂಬಿರಲಿಲ್ಲ. ಬಿರುಕು ಬಿಟ್ಟ ಕೆಸರು ಮಾತ್ರ ಕಾಣುತ್ತಿತ್ತು. ಆ ದಿನ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಲೂ ಕೈ ಬರಲಿಲ್ಲ.

ಜುಲೈನಲ್ಲಿ ಮಳೆ ಒಮ್ಮೆಗೇ ಸುರಿಯಿತು. ಆಗಸ್ಟ್ ಬಂದಾಗ ಮತ್ತೆ ಕೈಕೊಟ್ಟಿತು. 1901ರಿಂದ ದಾಖಲೆ ಇಡುತ್ತಿರುವ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣಗಿದ ಆಗಸ್ಟ್ ಬಂದಿರಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆಮೇಲೆ ಪಟ್ಟಿ ಇನ್ನೂ ಬೆಳೆಯಿತು. ನಿಮಗೆ ಆ ವರ್ಷ ಚೆನ್ನಾಗಿ ನೆನಪಿರುತ್ತದೆ. ಟ್ಯಾಂಕರ್ ಕಳಿಸಿ ಕಳಿಸಿ ಸುಸ್ತಾಗಿದ್ದಿರಿ.

ಎರಡೇ ವರ್ಷ ಕಳೆದು 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಎರಡು ವರ್ಷಗಳ ನಡುವೆ ಹದಿನೈದು ದಿನದ ವ್ಯತ್ಯಾಸ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆರಿದ್ರೆ ಮಳೆಯನ್ನು ನಂಬಿ ಬಿತ್ತಿದವರ ಮಾತು ಅದು. ಕಪ್ಪೆಯ ಮೈಯೊಳಗೂ ಅಂಥದ್ದೇ ಒಂದು ಪಂಚಾಂಗ ಇದೆ. ಸಾವಿರಾರು ವರ್ಷ ಮಳೆ ನೋಡಿ ನೋಡಿ ಬರೆದುಕೊಂಡದ್ದು. ಈಗ ಮಳೆ ಆ ಪಂಚಾಂಗದ ಪ್ರಕಾರ ಬರುತ್ತಿಲ್ಲ.

ಇನ್ನು ಕುಂಬಾರ ಕಪ್ಪೆಯ ವಿಷಯ. ಇದನ್ನು ನೀವು ಎಲ್ಲರಿಗೂ ಹೇಳಬೇಕು, ಶಾಲೆ ಮಕ್ಕಳಿಗಂತೂ ಹೇಳಲೇಬೇಕು. ಯಾಕೆಂದರೆ ಇದು ನಮ್ಮದೇ ಕಪ್ಪೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳದಲ್ಲಿ ಇದನ್ನು ನೋಡಿ, 2014ರಲ್ಲಿ ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಅವರ ಜೊತೆಗಾರರು ಹೊಸ ಜಾತಿ ಎಂದು ಜಗತ್ತಿಗೆ ತಿಳಿಸಿದರು. ವೈಜ್ಞಾನಿಕ ಹೆಸರಿನಲ್ಲೂ ‘ಕುಂಬಾರ’ ಎಂಬ ಕನ್ನಡ ಪದವನ್ನೇ ಇಟ್ಟರು.

ನಾನು ಅದನ್ನು ಮೊದಲು ಸರಿಯಾಗಿ ನೋಡಿದ್ದು ಒಂದು ಜುಲೈ ರಾತ್ರಿ. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆ, ಅದಕ್ಕೆ ಕಣ್ಣು ಕುಕ್ಕಬಾರದು ಅಂತ. ನೀರಿನಿಂದ ಸ್ವಲ್ಪ ಮೇಲೆ ಒಂದು ಕಡ್ಡಿ ಚಾಚಿತ್ತು. ಅದರ ಮೇಲೆ ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗಿತ್ತು. ಗಂಡು ಉಳಿದಿತ್ತು. ಅದು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಬಾಚಿಕೊಂಡಿತು. ಹಿಂಗಾಲಿನ ಮೇಲೆ ನೆಟ್ಟಗೆ ನಿಂತಿತು. ಮೊಟ್ಟೆಯ ಮೇಲೆ ಆ ಕೆಸರು ಮೆತ್ತಿತು. ಮತ್ತೆ ಬಗ್ಗಿತು, ಮತ್ತೆ ಬಾಚಿತು, ಮತ್ತೆ ಮೆತ್ತಿತು. ಅಜ್ಜಿ ಒಲೆಗೆ ಮಣ್ಣು ಸಾರಿಸುತ್ತಿದ್ದ ನೆನಪು ಬಂತು. ಮೊಟ್ಟೆ ಪೂರ್ತಿ ಮುಚ್ಚುವ ತನಕ ಅದು ಬಿಡಲಿಲ್ಲ. ಜಿಗಣೆಗಳು ನನ್ನ ಕಾಲಿಗೆ ಹತ್ತಿದ್ದವು. ಕದಲಿದರೆ ನೀರು ಕದಲುತ್ತದೆ ಅಂತ ನಾನು ಅಲ್ಲಾಡಲೇ ಇಲ್ಲ.

ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದು ಅದು ಹೀಗೆ ಮಾಡುತ್ತಿರಬಹುದು ಎಂಬುದು ವಿಜ್ಞಾನಿಗಳ ಊಹೆ. ಹೀಗೆ ಮಣ್ಣು ಮೆತ್ತುವ ಬೇರೆ ಕಪ್ಪೆ ಜಗತ್ತಿನಲ್ಲಿ ಎಲ್ಲೂ ಕಂಡಿಲ್ಲ.

ಈಗ ಯೋಚನೆ ಮಾಡಿ. ಮಳೆ ಹತ್ತು ದಿನ ನಿಂತು ಹಳ್ಳದ ನೀರು ಇಳಿದರೆ ಕಡ್ಡಿಯ ಮೇಲಿನ ಕೆಸರು ಒಣಗಿ ಒಡೆಯುತ್ತದೆ. ಒಂದೇ ರಾತ್ರಿ ಜೋರು ಮಳೆ ಹೊಡೆದು ಹಳ್ಳ ಎರಡಡಿ ಏರಿದರೆ ಕಡ್ಡಿಯ ಸಮೇತ ಎಲ್ಲವೂ ತೊಳೆದು ಹೋಗುತ್ತದೆ. ಹದವಾದ ಮಳೆಯ ನಡುವಿನ ಒಂದು ಸಣ್ಣ ಜಾಗದಲ್ಲಿ ಅದರ ಸಂಸಾರ ನಡೆಯುತ್ತಿತ್ತು. ಎರಡೂ ಕಡೆಯಿಂದ ಆ ಜಾಗ ಕಿರಿದಾಗುತ್ತಿದೆ.

ಇದಕ್ಕೆ ನಾವೇನು ಮಾಡಲು ಆಗುತ್ತದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅರಬ್ಬಿ ಸಮುದ್ರ ಬಿಸಿಯಾಗುವುದನ್ನು ಪಂಚಾಯಿತಿ ನಿಲ್ಲಿಸಲಾರದು. ಆದರೆ ಹದಿನೈದು ವರ್ಷ ಹಳ್ಳಗಳಲ್ಲಿ ಓಡಾಡಿ ನನಗೆ ಒಂದು ವಿಷಯ ಖಚಿತವಾಗಿ ಗೊತ್ತಾಗಿದೆ. ಹವಾಮಾನ ಕಪ್ಪೆಗೆ ಎರಡು ಏಟು ಕೊಡುತ್ತದೆ. ಮೊದಲನೆಯದು ಅದೇ ಹೊಡೆಯುವುದು. ಎರಡನೆಯದನ್ನು ನಮ್ಮ ಕೈಯಿಂದ ಹೊಡೆಸುತ್ತದೆ. ಮಳೆಗೆ ಹೆದರಿ, ಬರಕ್ಕೆ ಹೆದರಿ ನಾವು ಅವಸರದಲ್ಲಿ ಮಾಡುವ ಕೆಲಸಗಳೇ ಆ ಎರಡನೇ ಏಟು. ಅದು ಪೂರ್ತಿ ನಮ್ಮ ಕೈಯಲ್ಲಿದೆ.

ನಾನು ನೋಡಿದ್ದನ್ನೇ ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿನ ಜನ ಕೆಟ್ಟವರಲ್ಲ, ನನಗೆ ಎಷ್ಟೋ ಸಲ ಊಟ ಹಾಕಿದವರು. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನು ಅವರು ಟಿವಿಯಲ್ಲಿ ನೋಡಿದ್ದರು. 2019ರ ಆಗಸ್ಟ್‌ನಲ್ಲಿ ಅವರದೇ ಗದ್ದೆಗೆ ಹಳ್ಳ ನುಗ್ಗಿತ್ತು. ಮುಂದಿನ ಬೇಸಿಗೆಯಲ್ಲಿ ಹಳ್ಳದ ಹೂಳು ತೆಗೆದು ಅಗಲ ಮಾಡುವ ಕೆಲಸ ಕ್ರಿಯಾ ಯೋಜನೆಗೆ ಸೇರಿತು. ಜೆಸಿಬಿ ಬಂತು. ಎರಡು ದಂಡೆಯ ನೇರಳೆ, ಹೊಳೆಮತ್ತಿ, ಹೊಂಗೆ, ವಾಟೆಯ ಮೆಳೆ, ಮುಂಡಿಗೆ ಪೊದೆ ಎಲ್ಲ ಹೋಯಿತು. ತಿರುವುಗಳನ್ನು ನೇರ ಮಾಡಿದರು. ಒಂದು ಕಡೆ ಕಾಂಕ್ರೀಟ್ ತಡೆಗೋಡೆ ಎದ್ದಿತು. ಉದ್ಘಾಟನೆಯೂ ಆಯಿತು.

ಆ ಜೂನ್‌ನಲ್ಲಿ ನಾನು ಹೋದೆ. ಅಗಲ ಮಾಡಿದ ಭಾಗಕ್ಕೂ ಮೇಲಿನ ಕಾಡಿನ ಭಾಗಕ್ಕೂ ನಡುವೆ ನೂರು ಮಾರು ಇರಬಹುದು. ಮಧ್ಯಾಹ್ನ ಬಿಸಿಲು ಬಿಟ್ಟಿತ್ತು. ಮೇಲಿನ ನೀರಿಗೆ ಕೈ ಇಟ್ಟರೆ ತಣ್ಣಗೆ. ಕೆಳಗಿನ ನೀರಿಗೆ ಕೈ ಇಟ್ಟರೆ ಬೆಚ್ಚಗೆ. ಥರ್ಮಾಮೀಟರ್ ಬೇಕಾಗಿಯೇ ಇರಲಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಹಳ್ಳದ ಗೊದಮೊಟ್ಟೆಗಳಿಗೆ ಉಸಿರು ಕಟ್ಟುತ್ತದೆ. ರಾತ್ರಿ ಮೇಲಿನ ಭಾಗದಲ್ಲಿ ನಾಲ್ಕೈದು ಥರದ ಕೂಗು. ಕೆಳಗೆ ನೀರು ಹರಿಯುವ ಸದ್ದು ಮಾತ್ರ. ಅಲ್ಲಿ ಮೊಟ್ಟೆ ಇಡಲು ಕಡ್ಡಿಯೇ ಇರಲಿಲ್ಲ, ಕಲ್ಲಿನ ಸಂದಿಯೂ ಇರಲಿಲ್ಲ.

ಅದರಿಂದ ಊರಿಗಾದರೂ ಲಾಭ ಆಯಿತೇ? ಆಗಲಿಲ್ಲ. ನೇರ ಮಾಡಿದ ಹಳ್ಳದಲ್ಲಿ ನೀರು ಇನ್ನೂ ಜೋರಾಗಿ ಓಡಿತು. ಬೇರು ಹಿಡಿದಿಟ್ಟಿದ್ದ ಮಣ್ಣು ಸಡಿಲವಾಗಿತ್ತು. ಗೋಡೆ ಮುಗಿದ ಜಾಗದಲ್ಲಿ ದಂಡೆ ಕುಸಿದು ಕೆಳಗಿನ ಮನೆಯವರ ಗದ್ದೆಗೆ ಮರಳು ತುಂಬಿತು. ಫೆಬ್ರವರಿ ಹೊತ್ತಿಗೆ ಹಳ್ಳ ಒಣಗಿತ್ತು. ಮೊದಲು ಏಪ್ರಿಲ್ ತನಕ ಜಿನುಗುತ್ತಿತ್ತು ಎಂದು ಅಲ್ಲಿನ ಒಬ್ಬ ಹಿರಿಯರು ಹೇಳಿದರು. ಅವರು ದಂಡೆಯ ಮೇಲೆ ನಿಂತು ಬಹಳ ಹೊತ್ತು ನೋಡಿ, “ತಂಗೀ, ಕಪ್ಪೆ ಸುಮ್ನಾದ ಮೇಲೆ ನಮಗೂ ನೀರಿಲ್ಲ ನೋಡು” ಅಂದರು. ನನ್ನ ಅಧ್ಯಯನದ ಸಾರ ಅವರಿಗೆ ಮೊದಲೇ ಗೊತ್ತಿತ್ತು.

ಹಾಗಂತ ಎಲ್ಲೂ ಹೂಳು ತೆಗೆಯಬೇಡಿ ಎಂದು ಹೇಳುತ್ತಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಏನಾಯಿತು ಎಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಬೇಕಿಲ್ಲ. ಮನೆಗೆ ನೀರು ನುಗ್ಗುವ ಜಾಗದಲ್ಲಿ ಗೋಡೆ ಬೇಕಾದರೆ ಕಟ್ಟಲೇಬೇಕು. ಜನರ ಜೀವ ಮೊದಲು. ನಾನು ಕೇಳುತ್ತಿರುವುದು ಇಷ್ಟೇ. ಬೇಕಾದ ಜಾಗಕ್ಕೆ ಬೇಕಾದಷ್ಟೇ ಮಾಡಿ. ಇಡೀ ಹಳ್ಳವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬೋಳಿಸಬೇಡಿ. ಎರಡು ದಂಡೆಯಲ್ಲಿ ಇಪ್ಪತ್ತು ಹೆಜ್ಜೆಯಷ್ಟು ಮರ, ಪೊದೆ, ಬಿದ್ದ ಎಲೆ ಹಾಗೇ ಇರಲಿ. ತಿರುವು ಹಾಗೇ ಇರಲಿ. ನೀರಿನಲ್ಲಿ ಬಿದ್ದ ಕೊಂಬೆ ಹರಿವಿಗೆ ಅಡ್ಡ ಇಲ್ಲದಿದ್ದರೆ ಎತ್ತಿ ಎಸೆಯಬೇಡಿ. ಅದೇ ಕಡ್ಡಿಯ ಮೇಲೆ ಯಾರೋ ಮಣ್ಣು ಮೆತ್ತುತ್ತಾರೆ. ಕಲ್ಲು ಕಟ್ಟುವುದಾದರೆ ಸಿಮೆಂಟ್ ಮೆತ್ತದೆ ಸಂದಿ ಬಿಟ್ಟು ಜೋಡಿಸಬಹುದು. ಅಂಥ ಪಾಗಾರ ಕಟ್ಟುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅವರಿಗೂ ಕೆಲಸ ಸಿಗುತ್ತದೆ.

ನೆರಳಿನ ಮಾತು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹೊರಗೆ ಎಷ್ಟೇ ಬಿಸಿಯಾದರೂ ದಟ್ಟ ನೆರಳಿನ ಕೆಳಗಿನ ಹಳ್ಳ ತನ್ನದೇ ತಂಪು ಇಟ್ಟುಕೊಂಡಿರುತ್ತದೆ. ಮಳೆ ಹತ್ತು ದಿನ ನಿಂತರೂ ಅಲ್ಲಿನ ಎಲೆಗೊಬ್ಬರದ ಪದರ ಬೇಗ ಒಣಗುವುದಿಲ್ಲ. ಅಂದರೆ ನೆರಳು ಕಪ್ಪೆಗೆ ಹತ್ತು ದಿನದ ವಾಯಿದೆ ಕೊಡುತ್ತದೆ. ಕೆಟ್ಟ ವರ್ಷದಲ್ಲಿ ಬದುಕುವುದಕ್ಕೂ ಸಾಯುವುದಕ್ಕೂ ಆ ಹತ್ತು ದಿನವೇ ಅಂತರ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳಿಗೆ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿಗೆ, ಒಮ್ಮೆ ಹೋಗಿ ನೋಡಿ. ನೆಲದಿಂದ ಮಂಡಿಯಂತೆ ಎದ್ದ ಬೇರು, ಮಧ್ಯಾಹ್ನವೂ ಮಬ್ಬು, ಕಾಲಿಟ್ಟಲ್ಲೆಲ್ಲ ನೀರು. 2000ನೇ ಇಸವಿಯಲ್ಲಿ ಅಲ್ಲಿ ಸಿಕ್ಕ ಒಂದು ಮರಕ್ಕೆ ಆ ಊರಿನ ಹೆಸರೇ ವೈಜ್ಞಾನಿಕ ಹೆಸರಾಯಿತು. 2011ರಲ್ಲಿ ಆ ಸುತ್ತಿನ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಣೆ ಆಯಿತು. ಸಿಂಗಳೀಕದ ಹೆಸರಿನಲ್ಲಿ ಕುಂಬಾರ ಕಪ್ಪೆಗೂ ಒಂದಿಷ್ಟು ನೆಲೆ ಉಳಿಯಿತು. ಆದರೆ ಎಲ್ಲ ಹಳ್ಳವೂ ಮೀಸಲು ಕಾಡಿನೊಳಗೆ ಇಲ್ಲ. ಬಹಳಷ್ಟು ಹಳ್ಳ ನಿಮ್ಮ ಊರಿನ ತೋಟ, ಗದ್ದೆ, ಬೆಟ್ಟದ ನಡುವೆಯೇ ಹರಿಯುತ್ತದೆ.

ಎರಡನೇ ಏಟಿನ ಇನ್ನೊಂದು ರೂಪ ನಮ್ಮ ತೋಟದಲ್ಲೇ ಇದೆ. ಇದನ್ನು ಬರೆಯಲು ನನಗೆ ಕಷ್ಟ, ಯಾಕೆಂದರೆ ನಮ್ಮ ಮನೆಯ ಅನ್ನವೂ ಅಡಿಕೆಯಿಂದಲೇ ಬಂದದ್ದು. ಮಳೆ ಹೆಚ್ಚು ದಿನ ಎಳೆದರೆ ಕೊಳೆರೋಗ. ಕೊಳೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಮುಂಚೆ ಮಳೆಗಾಲಕ್ಕೆ ಮೊದಲು ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಹೊಡೆದರೆ ಆಗುತ್ತಿತ್ತು. ಈಗ ಮಳೆ ಯಾವಾಗ ಬಂದೀತು, ಯಾವಾಗ ಬಿಟ್ಟೀತು ಎಂದೇ ತಿಳಿಯುವುದಿಲ್ಲ. ಹೊಡೆದದ್ದು ತೊಳೆದು ಹೋಗುತ್ತದೆ, ಮೂರನೇ ಸಲ ಹೊಡೆಯಬೇಕಾಗುತ್ತದೆ. ಮೈಲುತುತ್ತದ ತಾಮ್ರ ಗೊದಮೊಟ್ಟೆಗೆ ವಿಷ. ತೋಟದ ನೀರು ಬಸಿದು ಹೋಗುವ ಉಜಿರು ಕಾಲುವೆಯಿಂದ ಅದು ಸೀದಾ ಹಳ್ಳಕ್ಕೆ. ರೈತರು ಔಷಧಿ ಹೊಡೆಯುವುದು ನಿಲ್ಲಿಸಲಿ ಎನ್ನುವ ಧೈರ್ಯ ನನಗಿಲ್ಲ, ಅದು ಸರಿಯೂ ಅಲ್ಲ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿ, ಡ್ರಮ್ಮು, ಪಂಪು ಹಳ್ಳದಲ್ಲಿ ತೊಳೆಯಬೇಡಿ ಎಂದು ಒಂದು ಮಾತು ಗ್ರಾಮ ಸಭೆಯಲ್ಲಿ ಹೇಳಬಹುದು. ನಮ್ಮ ಅಪ್ಪ ಹೇಳಿದ ತಕ್ಷಣ ಒಪ್ಪಿದರು. ಈಗ ಡ್ರಮ್ಮು ತೊಳೆಯುವುದು ತೋಟದ ಮೇಲಿನ ಒಣ ಜಾಗದಲ್ಲಿ.

ನಿಮ್ಮ ಕೈಯಲ್ಲಿ ಇನ್ನೊಂದು ಅಧಿಕಾರ ಇದೆ. ಎಷ್ಟೋ ಪಂಚಾಯಿತಿಗಳಿಗೆ ಅದು ಇದೆ ಎಂಬುದೇ ಮರೆತುಹೋಗಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ಪಕ್ಷಿಗಳ ಬಗ್ಗೆ ಊರವರೇ ಸೇರಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ನಾನು ಕೆಲವು ಊರುಗಳ ದಾಖಲಾತಿ ತೆರೆದು ನೋಡಿದ್ದೇನೆ. ಕಪ್ಪೆ ಎಂಬ ಜಾಗದಲ್ಲಿ ‘ಕಪ್ಪೆ’ ಎಂದಷ್ಟೇ ಬರೆದಿತ್ತು. ಯಾವ ಕಪ್ಪೆ, ಯಾವ ಹಳ್ಳದಲ್ಲಿ, ಯಾವ ಮಳೆಯಲ್ಲಿ ಕೂಗುತ್ತದೆ, ಏನೂ ಇಲ್ಲ. ಇದನ್ನು ಬರೆಯಲು ಪಿಎಚ್‌ಡಿ ಬೇಕಿಲ್ಲ. ಮೊದಲ ಮಳೆಗೆ ಮೈ ಹಳದಿ ಮಾಡಿಕೊಂಡು ಗದ್ದೆಯಲ್ಲಿ ಗುಟುರು ಹಾಕುವ ದೊಡ್ಡ ಕಪ್ಪೆ ಯಾವುದು, ಕೆರೆಯ ಮೇಲೆ ನೊರೆಗೂಡು ಕಟ್ಟುವುದು ಯಾವುದು ಎಂದು ಹೊಲದಲ್ಲಿ ಕೆಲಸ ಮಾಡುವ ಹೆಂಗಸರಿಗೆ, ದನ ಕಾಯುವವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರನ್ನು ಕೂರಿಸಿ ಕೇಳಿ, ಬರೆದುಕೊಳ್ಳಿ. ಮಳೆಯ ಅಂಕಿಗೂ ಕಷ್ಟ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ‘ಇವತ್ತು ಮೊದಲ ಕೂಗು ಕೇಳಿತು’ ಎಂಬ ಒಂದು ಸಾಲನ್ನು ಆ ದಿನದ ಮಳೆಯ ಪಕ್ಕ ಬರೆದಿಟ್ಟರೆ ಹತ್ತು ವರ್ಷಕ್ಕೆ ಅದು ಚಿನ್ನದಂಥ ದಾಖಲೆ. ಯಾವ ವಿಜ್ಞಾನಿಯೂ ಒಬ್ಬನೇ ಅಷ್ಟು ಊರು ಸುತ್ತಲಾರ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ವರ್ಷ ಕಾಡಿನೊಳಗಿನ ಹಳ್ಳ ನೋಡಲು ಅನುಮತಿ ಕೇಳಿ ಜನವರಿಯಲ್ಲೇ ಅರ್ಜಿ ಹಾಕಿದ್ದೆ. ಯಾವ ಕಚೇರಿ ಎಂದು ಹೇಳುವುದು ಬೇಡ. ಪತ್ರ ಕೈಗೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ಕಪ್ಪೆಗಳು ಕೂಗಿ, ಮೊಟ್ಟೆ ಇಟ್ಟು, ಮರಿಗಳು ಕಾಲು ಬಂದು ಹೋಗಿಯಾಗಿತ್ತು. ಆ ಮಳೆಗಾಲದ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿಯಿತು. ಆ ಖಾಲಿ ಪುಟವನ್ನು ಇನ್ನು ಯಾವತ್ತೂ ತುಂಬಿಸಲು ಆಗುವುದಿಲ್ಲ. ಅನುಮತಿ ಕೊಡುವ ಅಧಿಕಾರಿಗಳು ಈ ಪತ್ರ ಓದುತ್ತಿದ್ದರೆ ಅವರಲ್ಲಿ ಕೈಮುಗಿದು ಕೇಳುತ್ತೇನೆ. ಕಪ್ಪೆಯ ಅರ್ಜಿ ಮೇ ಒಳಗೆ ಇತ್ಯರ್ಥ ಮಾಡಿ. ಇಲ್ಲ ಎನ್ನುವುದಾದರೆ ಅದನ್ನೂ ಮೇ ಒಳಗೆ ಹೇಳಿ.

ಲೆಕ್ಕ ಇಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಊರಿನ ಕತೆ ಇದೆ. ಕೋಸ್ಟರಿಕಾ ದೇಶದ ಮಾಂಟೆವರ್ಡೆ ಎಂಬ ಮಂಜಿನ ಕಾಡಿನಲ್ಲಿ ಹೊಂಬಣ್ಣದ ಒಂದು ಕಪ್ಪೆ ಇತ್ತು. ಜಗತ್ತಿನಲ್ಲಿ ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. 1987ರಲ್ಲಿ 1,500ಕ್ಕೂ ಹೆಚ್ಚು ಕಪ್ಪೆಗಳು ಸಣ್ಣ ಸಣ್ಣ ಗುಂಡಿಗಳ ಸುತ್ತ ಸೇರಿದ್ದನ್ನು ಜನ ನೋಡಿದ್ದರು. 1989ರಲ್ಲಿ ಒಂದೇ ಒಂದು ಗಂಡು ಕಂಡಿತು. ಆಮೇಲೆ ಯಾರಿಗೂ ಕಾಣಲಿಲ್ಲ. ಒಣಗಿದ ಹವೆಯೋ, ಕಪ್ಪೆಗೆ ತಗಲುವ ಶಿಲೀಂಧ್ರ ರೋಗವೋ, ಎರಡೂ ಸೇರಿಯೋ ಎಂದು ವಿಜ್ಞಾನಿಗಳು ಇಂದಿಗೂ ವಾದ ಮಾಡುತ್ತಿದ್ದಾರೆ. ಅಲ್ಲಿ ಕನಿಷ್ಠ ಯಾರೋ ಎಣಿಸುತ್ತಿದ್ದರು. ಅದಕ್ಕೇ ಹೋದದ್ದು ಗೊತ್ತಾಯಿತು. ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿಯ ಎತ್ತರದ ಶೋಲಾ ಕಾಡುಗಳಲ್ಲಿ ಉಗುರಿನಷ್ಟು ಸಣ್ಣ ಪೊದೆಗಪ್ಪೆಗಳಿವೆ. ಅವುಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ಸೀದಾ ಮರಿಗಪ್ಪೆ ಹೊರಬರುತ್ತದೆ. ಒದ್ದೆ ಎಲೆ, ಪಾಚಿ ಇದ್ದರೆ ಸಾಕು ಅವಕ್ಕೆ. ಬಿಸಿ ಏರಿದರೆ ತಂಪು ಹುಡುಕಿ ಮೇಲೆ ಹೋಗಬೇಕು. ಆದರೆ ಅವು ಈಗಾಗಲೇ ಬೆಟ್ಟದ ತುದಿಯಲ್ಲಿವೆ. ಅಲ್ಲಿಂದ ಮೇಲೆ ಬರೀ ಆಕಾಶ.

ಸರ್ಕಾರಗಳು ಕಪ್ಪೆಗಾಗಿ ಒಳ್ಳೆಯ ನಿರ್ಧಾರ ತೆಗೆದುಕೊಂಡದ್ದೂ ಇದೆ. ಒಂದು ಕಾಲದಲ್ಲಿ ನಮ್ಮ ದೇಶದ ಗದ್ದೆಗಳಿಂದ ಕಪ್ಪೆಯ ಕಾಲು ಹೊರದೇಶದ ಊಟದ ಮೇಜಿಗೆ ಹೋಗುತ್ತಿತ್ತು. 1987ರಲ್ಲಿ ಕೇಂದ್ರ ಸರ್ಕಾರ ಆ ರಫ್ತು ನಿಲ್ಲಿಸಿತು. ದೊಡ್ಡ ಲಾಭದ ವ್ಯಾಪಾರ ಅದು, ಆದರೂ ನಿಲ್ಲಿಸಿದರು. ಅದಕ್ಕೆ ಹೋಲಿಸಿದರೆ ನಾನು ನಿಮ್ಮಿಂದ ಕೇಳುತ್ತಿರುವುದು ಬಹಳ ಸಣ್ಣದು. ಮುಂದಿನ ಕ್ರಿಯಾ ಯೋಜನೆ ಬರೆಯುವಾಗ ‘ಹಳ್ಳ ಅಭಿವೃದ್ಧಿ’ ಎಂಬ ಸಾಲು ಬಂದರೆ, ಸಹಿ ಹಾಕುವ ಮೊದಲು ಒಮ್ಮೆ ಆ ಹಳ್ಳಕ್ಕೆ ನಡೆದು ಹೋಗಿ. ಸಾಧ್ಯವಾದರೆ ಮಳೆಗಾಲದಲ್ಲಿ, ರಾತ್ರಿ ಹೊತ್ತು ಹೋಗಿ.

ಮಳೆ ಬಾರದಾಗ ಊರಲ್ಲಿ ಕಪ್ಪೆಗೆ ಮದುವೆ ಮಾಡುತ್ತೇವೆ. ಅರಿಶಿನ ಹಚ್ಚುತ್ತೇವೆ, ಓಲಗ ಊದಿಸುತ್ತೇವೆ, ಊರಿಗೆಲ್ಲ ಊಟ ಹಾಕುತ್ತೇವೆ. ಕಪ್ಪೆಗೂ ಮಳೆಗೂ ಇರುವ ನಂಟು ನಮ್ಮ ಜನಕ್ಕೆ ಎಂದೋ ಗೊತ್ತು. ಮದುವೆ ಮಾಡಿಸಿದ ಮೇಲೆ ಅದಕ್ಕೆ ಸಂಸಾರ ಮಾಡಲು ಒಂದು ತಂಪಾದ ಮನೆಯನ್ನೂ ಬಿಟ್ಟುಕೊಡಬೇಕಲ್ಲ.

ಜೂನ್ ಎರಡನೇ ವಾರದಿಂದ, ಮೃಗಶಿರ ಹಿಡಿದ ಮೇಲೆ, ನಾನು ಸಿದ್ದಾಪುರ ಸುತ್ತಿನ ಹಳ್ಳಗಳಲ್ಲೇ ಇರುತ್ತೇನೆ. ಯಾವ ಪಂಚಾಯಿತಿಯವರು ಕರೆದರೂ ಬರುತ್ತೇನೆ. ಸಂಭಾವನೆ ಬೇಡ, ಸನ್ಮಾನ ಬೇಡ. ನಿಮ್ಮ ಸಮಿತಿಯವರು ನಾಲ್ಕು ಜನ, ಶಾಲೆಯ ಮಾಸ್ತರರು, ಬರುವುದಾದರೆ ಒಂದಿಬ್ಬರು ಮಕ್ಕಳು. ಟಾರ್ಚುಗಳಿಗೆ ಸುತ್ತಲು ಕೆಂಪು ಕಾಗದ ನಾನೇ ತರುತ್ತೇನೆ. ಜಿಗಣೆಗೆ ಉಪ್ಪು ಮಾತ್ರ ಎಲ್ಲರೂ ತಂದುಕೊಳ್ಳಿ. ಊಟ ಮುಗಿಸಿ ಎಂಟು ಗಂಟೆಗೆ ಹಳ್ಳದ ಹತ್ತಿರ ಸೇರೋಣ. ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ನಿಂತರೆ ಅವು ಮತ್ತೆ ಕೂಗಲು ಶುರು ಮಾಡುತ್ತವೆ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮದೇ ಹಳ್ಳದ ದಂಡೆಯಲ್ಲಿ ಬೆಳೆದ ಒಬ್ಬ ಜೀವಶಾಸ್ತ್ರಜ್ಞೆ